ಆಟಿಕೆ ವಾಹನ, ಮಾದರಿ ರೈಲು, ಗಾಳದ ಸಲಕರಣೆ: ಸಂಗ್ರಹ ಸಂಸ್ಕೃತಿಯ ಚರಿತ್ರೆಯ ಕೆಲವು ನೆಲೆಗಳು

ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ವಸ್ತುವೊಂದರ ತಯಾರಿಕೆ ಹಾಗೂ ಬಳಕೆಗೆ ದೊರೆತಿರುವಷ್ಟು ಗಮನ ಅದರ ಮೂರನೆಯ ಅವಸ್ಥೆಯಾದ ಸಂಗ್ರಹಕ್ಕೆ ದೊರೆತಿಲ್ಲ. ವಸ್ತು ಹುಟ್ಟುತ್ತದೆ, ಬಳಕೆಯಾಗುತ್ತದೆ, ಸವೆದು ಮೂಲೆ ಸೇರುತ್ತದೆ. ಅಟ್ಟದ ಮೇಲೋ ಗುಜರಿ ಅಂಗಡಿಯಲ್ಲೋ ಹಲವು ವರ್ಷ ಯಾರಿಗೂ ಬೇಡವಾಗಿ ಬಿದ್ದಿದ್ದ ಅದೇ ವಸ್ತುವನ್ನು ಮುಂದೊಂದು ಕಾಲಕ್ಕೆ ಯಾರೋ ಹುಡುಕಿಕೊಂಡು ಬಂದು, ಅದು ಹೊಸದಾಗಿದ್ದಾಗಿನ ಬೆಲೆಯ ಹತ್ತಾರು ಪಟ್ಟು ಕೊಟ್ಟು ಒಯ್ಯುತ್ತಾರೆ. ಬಳಕೆಗೂ ಸಂಗ್ರಹಕ್ಕೂ ನಡುವೆ ಬರುವ ಈ ‘ಬೇಡವಾದ ಕಾಲ’ವನ್ನು ದಾಟಿಯೇ ವಸ್ತು ಹೊಸ ಬೆಲೆಯನ್ನು ಪಡೆಯುತ್ತದೆಂಬ ವಿಚಾರವನ್ನು ಬ್ರಿಟನ್ನಿನ ಮಾನವಶಾಸ್ತ್ರಜ್ಞ ಮೈಕೆಲ್ ಥಾಂಪ್ಸನ್ ೧೯೭೯ರಲ್ಲಿ ಪ್ರಕಟವಾದ ತಮ್ಮ ‘ರಬಿಶ್ ಥಿಯರಿ’ ಎಂಬ ಕೃತಿಯಲ್ಲಿ ಮಂಡಿಸಿದರು. ಹೆಚ್ಚಿನವು ಕಸವಾಗಿ ನಾಶವಾದುದರಿಂದಲೇ ಉಳಿದ ಕೆಲವು ಅಪರೂಪವೆನಿಸುತ್ತವೆ. ಆದರೆ ಕಸದಿಂದ ಮೇಲೆದ್ದು ಬರುವ ಅವಕಾಶ ಎಲ್ಲ ವಸ್ತುಗಳಿಗೂ ಸಮಾನವಾಗಿ ಒದಗುವುದಿಲ್ಲ. ಯಾವುದು ಮೇಲೇಳುತ್ತದೆ, ಯಾವುದು ಮಣ್ಣಾಗುತ್ತದೆ ಎಂಬ ಪ್ರಶ್ನೆಯೇ ಪ್ರಸ್ತುತ ಲೇಖನದ ಕೇಂದ್ರ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ವ್ಯಾಪಕವಾಗಿ ಬೆಳೆದ ಸಂಗ್ರಹ ಹವ್ಯಾಸಗಳಲ್ಲಿ ಹಳೆಯ ಆಟಿಕೆ ವಾಹನ, ಮಾದರಿ ರೈಲು ಮತ್ತು ಮೀನು ಹಿಡಿಯುವ ಗಾಳದ ಸಲಕರಣೆಗಳ ಸಂಗ್ರಹವನ್ನು ಇಲ್ಲಿ ಒಟ್ಟಿಗೆ ಪರಿಶೀಲಿಸಲಾಗಿದೆ. ಒಬ್ಬರ ಕಪಾಟಿನಲ್ಲಿಯೇ, ಒಂದೇ ಹರಾಜಿನ ಮೇಜಿನ ಮೇಲೆಯೇ ಈ ಮೂರೂ ಕೂಡಿ ಕಾಣಿಸಿಕೊಳ್ಳುವುದುಂಟು. ಮೇಲ್ನೋಟಕ್ಕೆ ಇದು ವಿಚಿತ್ರ ಜೊತೆ. ಮೊದಲೆರಡು ದೊಡ್ಡ ಯಂತ್ರಗಳ ಪುಟ್ಟ ಅನುಕರಣೆಗಳು. ಮೂರನೆಯದು ಅನುಕರಣೆಯಲ್ಲ, ನಿಜವಾದ ಸಾಧನ. ಆದರೂ ಇವುಗಳಲ್ಲಿ ಒಂದು ಸಮಾನ ಗುಣವಿದೆ. ಮೂರೂ ಬಿಡುವಿನ ವೇಳೆಯ ವಸ್ತುಗಳು. ಮೂರನ್ನೂ ಕಾರ್ಖಾನೆಗಳು ವರ್ಷವರ್ಷವೂ ಮುದ್ರಿತ ಬೆಲೆಪಟ್ಟಿಯೊಡನೆ ಮಾರಿದವು. ಮೂರರ ಮೇಲೂ ತಯಾರಕರ ಹೆಸರು ಅಚ್ಚಾಗಿದೆ. ವಸ್ತುವಿನ ಅಡಿಭಾಗದಲ್ಲಿರುವ ಆ ಅಕ್ಷರಗಳ ಮಹತ್ವ ಮುಂದಿನ ಚರ್ಚೆಯಲ್ಲಿ ಸ್ಪಷ್ಟವಾಗುತ್ತದೆ.

ಆಟಿಕೆ ವಾಹನವೇನೂ ಯಂತ್ರಯುಗದ ಸೃಷ್ಟಿಯಲ್ಲ. ಹರಪ್ಪ ಹಾಗೂ ಮೊಹೆಂಜೊದಾರೊ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಂಡಿಗಳು ಹೇರಳವಾಗಿ ದೊರೆತಿವೆ. ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಹೆಸರು ಬಂದದ್ದೇ ಮಣ್ಣಿನ ಆಟದ ಬಂಡಿಯಿಂದ. ನೆರೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಚಾರುದತ್ತನ ಮಗ ರೋಹಸೇನ ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನು ಆ ಮಣ್ಣಿನ ಬಂಡಿಗೆ ತುಂಬುತ್ತಾಳೆ. ಆಟಿಕೆಯ ಬೆಲೆ ಅದರ ಆಟದಲ್ಲಿದೆಯೋ ಅದರ ಲೋಹದಲ್ಲಿದೆಯೋ ಎಂಬ ಜಗಳ ಅಷ್ಟು ಹಳೆಯದು. ಆದರೆ ಆ ಬಂಡಿಯನ್ನು ಮಾಡಿದವರು ಯಾರು ಎಂದು ನಾಟಕದಲ್ಲಿ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಅರ್ಥ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ.

ಜರ್ಮನಿಯ ಗೋಪಿಂಗನ್ ಪಟ್ಟಣದಲ್ಲಿ ೧೮೫೯ರಲ್ಲಿ ಆರಂಭವಾದ ಮರ್ಕ್ಲಿನ್ ಸಂಸ್ಥೆ ಮೊದಲು ಗೊಂಬೆಮನೆಗೆ ಬೇಕಾದ ತಗಡಿನ ಅಡುಗೆ ಸಾಮಾನುಗಳನ್ನು ತಯಾರಿಸುತ್ತಿತ್ತು. ೧೮೯೧ರ ಲೈಪ್ಜಿಗ್ ಮೇಳದಲ್ಲಿ ಅದು ಹಳಿಯ ಸಹಿತ ಆಟದ ರೈಲನ್ನು ಪ್ರದರ್ಶಿಸಿತು. ಗಮನಾರ್ಹವಾದುದು ರೈಲಲ್ಲ, ಹಳಿ. ಎರಡು ಹಳಿಗಳ ನಡುವಣ ಅಂತರಕ್ಕೆ ಗೊತ್ತಾದ ಅಳತೆಗಳನ್ನು ನಿಗದಿಪಡಿಸಿದ್ದರಿಂದ ಈ ವರ್ಷ ಕೊಂಡ ಹಳಿಯ ಮೇಲೆ ಮುಂದಿನ ವರ್ಷ ಕೊಳ್ಳುವ ಡಬ್ಬಿಯೂ ಓಡುವಂತಾಯಿತು. ಒಮ್ಮೆ ಕೊಂಡು ಮುಗಿಯುವ ಗೊಂಬೆಯ ಬದಲು ಎಂದೂ ಮುಗಿಯದ, ಒಂದಕ್ಕೊಂದು ಸೇರುತ್ತಲೇ ಹೋಗುವ ಸರಣಿಯೊಂದು ಹುಟ್ಟಿಕೊಂಡಿತು. ಸಂಗ್ರಹವು ಹಿರಿಯರ ಹವ್ಯಾಸವಾಗುವುದಕ್ಕೆ ಬಹಳ ಹಿಂದೆಯೇ ಮಾರಾಟದ ತಂತ್ರದೊಳಗೆ ಸಂಗ್ರಹದ ಬೀಜವಿತ್ತೆಂಬುದು ಇದರಿಂದ ತಿಳಿಯುತ್ತದೆ. ನ್ಯೂರೆಂಬರ್ಗಿನ ಬಿಂಗ್ ಸಂಸ್ಥೆಯ ರೈಲುಗಳು ನಾರ್ಥಾಂಪ್ಟನ್ನಿನ ಬ್ಯಾಸೆಟ್-ಲೋಕ್ ಮೂಲಕ ಇಂಗ್ಲೆಂಡಿಗೆ ಬಂದವು. ಅದೇ ಬ್ಯಾಸೆಟ್-ಲೋಕ್ ೧೯೦೬ರಲ್ಲಿ ಗ್ವಾಲಿಯರ್ ಮಹಾರಾಜರಿಗಾಗಿ ಬೆಳ್ಳಿಯ ರೈಲೊಂದನ್ನು ನಿರ್ಮಿಸಿಕೊಟ್ಟಿತು. ಜಯವಿಲಾಸ ಅರಮನೆಯ ಊಟದ ಮೇಜಿನ ಮೇಲೆ ಹಳಿಗಳುಂಟು. ಮದ್ಯ, ಸಿಗಾರುಗಳನ್ನು ಹೊತ್ತ ರೈಲು ಅತಿಥಿಗಳ ಮುಂದೆ ಸುತ್ತಿ ಬರುತ್ತಿತ್ತು. ರೋಹಸೇನನಿಗೆ ದೊರೆಯದ ಬಂಡಿ ಇಲ್ಲಿ ಅರಸರಿಗೆ ದೊರೆತಿತ್ತೆನ್ನಬಹುದು. ಅಮೆರಿಕದಲ್ಲಿ ಜೋಶುವಾ ಲಯೊನೆಲ್ ಕೊವೆನ್ ೧೯೦೦ರಲ್ಲಿ ಸ್ಥಾಪಿಸಿದ ಲಯೊನೆಲ್ ಸಂಸ್ಥೆಯ ಮೊದಲ ವಿದ್ಯುತ್ ರೈಲು ಮಕ್ಕಳಿಗಾಗಿ ಅಲ್ಲ, ಅಂಗಡಿಯ ಗಾಜಿನ ಕಿಟಕಿಯಲ್ಲಿ ಗಿರಾಕಿಗಳನ್ನು ಸೆಳೆಯುವುದಕ್ಕಾಗಿ ತಯಾರಾದದ್ದು. ದಾರಿಹೋಕರು ಅಂಗಡಿಯ ಸರಕನ್ನು ಬಿಟ್ಟು ರೈಲನ್ನೇ ಕೇಳತೊಡಗಿದರೆಂದು ಸಂಸ್ಥೆಯ ಚರಿತ್ರೆಕಾರರು ಹೇಳುತ್ತಾರೆ.

ಈ ಚರಿತ್ರೆಯಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಅವರಿಗೆ ವಿಶೇಷ ಸ್ಥಾನವಿದೆ. ಆಮದು ವ್ಯಾಪಾರಿಯೊಬ್ಬರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ತಮ್ಮ ಮಕ್ಕಳಿಗಾಗಿ ಸಮಾನ ಅಂತರದಲ್ಲಿ ರಂಧ್ರ ಕೊರೆದ ಲೋಹದ ಪಟ್ಟಿಗಳನ್ನು ಕತ್ತರಿಸಿ, ಅವನ್ನು ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟವನ್ನು ರೂಪಿಸಿ ೧೯೦೧ರಲ್ಲಿ ಅದಕ್ಕೆ ಹಕ್ಕುಸ್ವಾಮ್ಯ ಪಡೆದರು. ೧೯೦೭ರಲ್ಲಿ ಅದಕ್ಕೆ ‘ಮೆಕಾನೊ’ ಎಂಬ ಹೆಸರಾಯಿತು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಸರಕಿನ ಬಗ್ಗೆ ಬ್ರಿಟಿಷರಲ್ಲಿ ಅಸಹನೆ ಉಳಿದಿದ್ದ ಸಂದರ್ಭದಲ್ಲಿ, ೧೯೨೦ರಲ್ಲಿ, ಕೀಲಿ ಕೊಟ್ಟರೆ ಓಡುವ ಹಾರ್ನ್‌ಬಿ ರೈಲುಗಳು ಮಾರುಕಟ್ಟೆಗೆ ಬಂದವು. ಆರಂಭದ ಎಂಜಿನುಗಳನ್ನೂ ಮೆಕಾನೊ ಮಾದರಿಯಲ್ಲಿಯೇ ಬಿಚ್ಚಿ ಜೋಡಿಸಬಹುದಾಗಿತ್ತು. ರೈಲು ಬಂದ ಮೇಲೆ ನಿಲ್ದಾಣ ಬೇಕಾಯಿತು. ನಿಲ್ದಾಣಕ್ಕೆ ಹಮಾಲಿ, ಪ್ರಯಾಣಿಕ, ಹೊರಗೆ ನಿಂತ ಕಾರು, ಲಾರಿ ಬೇಕಾದವು. ಹೀಗೆ ೧೯೩೩ರಲ್ಲಿ ನಿಲ್ದಾಣದ ಅಲಂಕಾರಕ್ಕೆಂದು ಎರಕ ಹೊಯ್ದ ಪುಟ್ಟ ವಾಹನಗಳೇ ಮರುವರ್ಷ ‘ಡಿಂಕಿ ಟಾಯ್ಸ್’ ಎಂಬ ಹೆಸರು ಪಡೆದು ಸ್ವತಂತ್ರ ವಸ್ತುಗಳಾದವು. ಆಟಿಕೆ ವಾಹನ ಮತ್ತು ಮಾದರಿ ರೈಲುಗಳ ಸಂಗ್ರಹ ಇಂದಿಗೂ ಕೂಡಿಯೇ ಸಾಗುವುದಕ್ಕೆ ಈ ಹುಟ್ಟಿನ ಸಂಬಂಧವೂ ಒಂದು ಕಾರಣ.

ಡಿಂಕಿ ವಾಹನಗಳ ಲೋಹ ಸತುವಿನ ಮಿಶ್ರಲೋಹ. ಯುದ್ಧಪೂರ್ವದ ದಿನಗಳಲ್ಲಿ ಈ ಮಿಶ್ರಣಕ್ಕೆ ಅಲ್ಪ ಪ್ರಮಾಣದ ಸೀಸ ಮುಂತಾದವು ಬೆರೆತುಹೋಗುತ್ತಿದ್ದವು. ಅದರ ಪರಿಣಾಮ ಕೂಡಲೇ ಕಾಣಿಸಲಿಲ್ಲ. ಹಲವು ವರ್ಷಗಳ ನಂತರ ಲೋಹದ ಕಣಕಣಗಳ ನಡುವೆ ಕ್ಷಯ ಹಬ್ಬಿ ಆಟಿಕೆ ಊದಿಕೊಳ್ಳುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಮಗುವಿನ ಕೈಗೆ ಸಿಕ್ಕದೆ ಪೆಟ್ಟಿಗೆಯೊಳಗೆ ಭದ್ರವಾಗಿದ್ದುದಕ್ಕೂ ಈ ರೋಗದಿಂದ ಬಿಡುಗಡೆಯಿಲ್ಲ. ಸಂಗ್ರಾಹಕರು ಹೆಚ್ಚು ಶಾಖ ಹಾಗೂ ತೇವಗಳಿಂದ ಕಾಪಾಡಿ ಅದನ್ನು ಮುಂದೂಡಬಲ್ಲರು, ನಿಲ್ಲಿಸಲಾರರು. ೧೯೩೦ರ ದಶಕದ ಡಿಂಕಿ ವಾಹನಗಳು ವಿರಳವಾಗಿರುವುದಕ್ಕೆ ಮಕ್ಕಳ ಆಟದಷ್ಟೇ ಈ ಲೋಹದೋಷವೂ ಹೊಣೆ.

ಯುದ್ಧೋತ್ತರ ಕಾಲದ್ದು ವಿಪುಲತೆಯ ಕಥೆ. ಲಂಡನ್ನಿನಲ್ಲಿ ೧೯೪೭ರಲ್ಲಿ ಆರಂಭವಾದ ಲೆಸ್ನಿ ಸಂಸ್ಥೆ ೧೯೫೩ರಲ್ಲಿ ಎರಡನೆಯ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಸಾರೋಟಿನ ಪುಟ್ಟ ಮಾದರಿಯನ್ನು ಹತ್ತು ಲಕ್ಷಕ್ಕೂ ಮಿಕ್ಕಿ ಮಾರಿತು. ಆ ವರ್ಷವೇ ‘ಮ್ಯಾಚ್‌ಬಾಕ್ಸ್’ ಸರಣಿ ಹೊರಬಂತು. ಸಂಸ್ಥೆಯ ಪಾಲುದಾರ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವ ಆಟಿಕೆಗೆ ಮಾತ್ರ ಅನುಮತಿಯಿತ್ತೆಂದೂ, ಅದಕ್ಕಾಗಿ ತಂದೆ ಪುಟ್ಟ ರಸ್ತೆರೋಲರನ್ನು ಮಾಡಿಕೊಟ್ಟರೆಂದೂ ಒಂದು ಕಥನ ಪ್ರಚಲಿತವಾಗಿದೆ. ಹಾರ್ನ್‌ಬಿಯವರ ಮಕ್ಕಳು, ಓಡೆಲ್ ಅವರ ಮಗಳು ಎಂದು ಪ್ರತಿಯೊಂದು ಆಟಿಕೆಯ ಉಗಮಕ್ಕೂ ಮಗುವೊಂದನ್ನು ನಿಲ್ಲಿಸುವ ಈ ಪ್ರವೃತ್ತಿ ಜಾನಪದ ವಿದ್ವಾಂಸರಿಗೆ ಅಪರಿಚಿತವಲ್ಲ. ಘಟನೆ ನಿಜವಿರಬಹುದು, ಆದರೆ ಅದು ಮತ್ತೆಮತ್ತೆ ಹೇಳಲ್ಪಡುವುದು ಅದು ಐತಿಹ್ಯದ ಆಕಾರಕ್ಕೆ ಒಗ್ಗಿರುವುದರಿಂದ. ೧೯೫೬ರಲ್ಲಿ ಮೆಟಾಯ್ ಸಂಸ್ಥೆ ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಇಟ್ಟ ‘ಕಾರ್ಗಿ’ ವಾಹನಗಳನ್ನು ತಂದಿತು. ೧೯೬೮ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆಯ ‘ಹಾಟ್ ವೀಲ್ಸ್’ ಬಂದ ಮೇಲೆ ವೇಗವೇ ಮುಖ್ಯವಾಗಿ, ಬ್ರಿಟಿಷ್ ಕಾರ್ಖಾನೆಗಳು ಒಂದೊಂದಾಗಿ ಸೋತವು. ಮೆಕಾನೊವನ್ನು ೧೯೬೪ರಲ್ಲಿ ಕೊಂಡಿದ್ದ ಲೈನ್ಸ್ ಬ್ರದರ್ಸ್ ೧೯೭೧ರಲ್ಲಿ ಕುಸಿಯಿತು. ಲಿವರ್‌ಪೂಲಿನ ಬಿನ್ಸ್ ರಸ್ತೆಯ ಕಾರ್ಖಾನೆ ೧೯೭೯ರಲ್ಲಿ ಮುಚ್ಚಿತು. ಲೆಸ್ನಿ ೧೯೮೨ರಲ್ಲಿ, ಮೆಟಾಯ್ ೧೯೮೩ರಲ್ಲಿ ದಿವಾಳಿಯಾದವು.

ಸಂಗ್ರಾಹಕರ ಸಂಘಗಳ ಹುಟ್ಟನ್ನು ಈ ಅವನತಿಯ ಜೊತೆಗಿಟ್ಟು ನೋಡಬೇಕು. ಅಮೆರಿಕದ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಶನ್ ೧೯೫೪ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಸ್ಥಾಪನೆಯಾಯಿತು. ಹಾರ್ನ್‌ಬಿ ರೈಲ್ವೆ ಕಲೆಕ್ಟರ್ಸ್ ಅಸೋಸಿಯೇಶನ್ ೧೯೬೯ರಲ್ಲಿ ಬಂತು. ೧೯೫೬ರಲ್ಲಿಯೇ ಲೆಸ್ನಿ ಹಳೆಯ ಕಾಲದ ವಾಹನಗಳ ಪ್ರತ್ಯೇಕ ಸರಣಿಯೊಂದನ್ನು ಆರಂಭಿಸಿತ್ತು. ಅದನ್ನು ಕೊಳ್ಳುತ್ತಿದ್ದವರಲ್ಲಿ ಮಕ್ಕಳಿಗಿಂತ ಹಿರಿಯರ ಪಾಲು ಬರಬರುತ್ತ ಹೆಚ್ಚಿತು. ಈ ಸಂಘಗಳು ಕೇವಲ ಹವ್ಯಾಸಿಗಳ ಕೂಟಗಳಾಗಿ ಉಳಿಯಲಿಲ್ಲ. ಅವು ವಸ್ತುವಿನ ಸ್ಥಿತಿಯನ್ನು ಅಳೆಯುವ ದರ್ಜೆಗಳನ್ನು ಗೊತ್ತುಮಾಡಿದವು, ಹಳೆಯ ಬೆಲೆಪಟ್ಟಿಗಳನ್ನು ಒಟ್ಟುಗೂಡಿಸಿದವು, ಬಣ್ಣದ ಛಾಯೆ, ಚಕ್ರದ ಆಕಾರ, ತಳದ ಅಕ್ಷರಗಳ ಗಾತ್ರ ಇವುಗಳಿಂದ ಒಂದು ಆಟಿಕೆ ಯಾವ ವರ್ಷದ್ದೆಂದು ನಿರ್ಣಯಿಸುವ ಕ್ರಮವನ್ನು ಬೆಳೆಸಿದವು. ಶಾಸನದ ಲಿಪಿಯನ್ನು ನೋಡಿ ಕಾಲವನ್ನು ನಿರ್ಧರಿಸುವ ಲಿಪಿಶಾಸ್ತ್ರಜ್ಞರ ಕೆಲಸಕ್ಕೂ ಇದಕ್ಕೂ ವಿಧಾನದಲ್ಲಿ ದೊಡ್ಡ ಅಂತರವಿಲ್ಲ. ವಿಶ್ವವಿದ್ಯಾನಿಲಯಗಳು ಈ ವಸ್ತುಗಳತ್ತ ತಿರುಗಿಯೂ ನೋಡದಿದ್ದ ದಿನಗಳಲ್ಲಿ ಹವ್ಯಾಸಿಗಳೇ ಈ ವಿದ್ವತ್ತನ್ನು ಕಟ್ಟಿದರೆಂಬುದನ್ನು ಒಪ್ಪಲೇಬೇಕು.

ಆದರೆ ಆ ವಿದ್ವತ್ತು ತನ್ನದೇ ಆದ ಒಂದು ಮೌಲ್ಯವ್ಯವಸ್ಥೆಯನ್ನೂ ಹುಟ್ಟುಹಾಕಿತು. ಅದರ ತುತ್ತತುದಿಯಲ್ಲಿರುವುದು ಯಾರೂ ಆಡದ ಆಟಿಕೆ. ಬಣ್ಣ ಕಿತ್ತುಹೋಗದ, ಮೂಲ ರಟ್ಟಿನ ಪೆಟ್ಟಿಗೆ ಸಹಿತವಾದ ವಾಹನಕ್ಕೆ ಸಿಕ್ಕುವ ಬೆಲೆಯಲ್ಲಿ ಪೆಟ್ಟಿಗೆಯ ಪಾಲೇ ದೊಡ್ಡದು. ಹೀಗಾಗಿ ಖಾಲಿ ಪೆಟ್ಟಿಗೆಗಳೂ ಮಾರಾಟವಾಗುತ್ತವೆ, ನಕಲಿ ಪೆಟ್ಟಿಗೆಗಳೂ ಬರುತ್ತವೆ. ಮಾರಾಟದಲ್ಲಿ ಸೋತದ್ದು ಸಂಗ್ರಹದಲ್ಲಿ ಗೆಲ್ಲುವುದು ಈ ವ್ಯವಸ್ಥೆಯ ಇನ್ನೊಂದು ವೈಚಿತ್ರ್ಯ. ಎರಡನೆಯ ಮಹಾಯುದ್ಧದಲ್ಲಿ ಲೋಹ ದೊರೆಯದಿದ್ದಾಗ ಲಯೊನೆಲ್ ೧೯೪೩ರಲ್ಲಿ ಕಾಗದದ ರಟ್ಟಿನಿಂದ ಕತ್ತರಿಸಿ ಜೋಡಿಸುವ ರೈಲನ್ನು ಮಾರಿತು. ಅದನ್ನು ಜೋಡಿಸುವುದು ಎಷ್ಟು ಕಷ್ಟವಾಗಿತ್ತೆಂದರೆ ಮಕ್ಕಳು ಕೈಬಿಟ್ಟರು. ೧೯೫೭ರಲ್ಲಿ ಅದೇ ಸಂಸ್ಥೆ ಹೆಣ್ಣುಮಕ್ಕಳಿಗೆಂದು ಗುಲಾಬಿ ಬಣ್ಣದ ಎಂಜಿನ್ ತಂದಿತು. ರೈಲಿನಲ್ಲಿ ಆಸಕ್ತಿಯಿದ್ದ ಹುಡುಗಿಯರಿಗೆ ಬೇಕಾದದ್ದು ನಿಜವಾದ ರೈಲಿನ ಬಣ್ಣದ ರೈಲೇ ಆಗಿತ್ತು. ಮಾರಾಟವಾಗದೆ ಉಳಿದ ಕೆಲವಕ್ಕೆ ಅಂಗಡಿಯವರು ಕಪ್ಪು ಬಣ್ಣ ಬಳಿದು ಸಾಗಹಾಕಿದರು. ಕತ್ತರಿಸದ ರಟ್ಟಿನ ರೈಲು, ಬಣ್ಣ ಬಳಿಯದ ಗುಲಾಬಿ ರೈಲು ಎರಡೂ ಇಂದು ಸಂಗ್ರಾಹಕರು ಹುಡುಕುವ ವಸ್ತುಗಳು. ಜನ ಯಾವುದನ್ನು ಪ್ರೀತಿಸಿದರೆಂಬುದಕ್ಕೆ ಸಂಗ್ರಹವು ಸಾಕ್ಷಿಯಲ್ಲವೆಂಬುದನ್ನು ಜಾನಪದ ಅಧ್ಯಯನಕಾರರು ಇಲ್ಲಿ ಗಮನಿಸಬೇಕು. ಪ್ರೀತಿಸಿದ್ದು ಸವೆದುಹೋಯಿತು.

ಆಟಿಕೆ ವಾಹನಗಳ ಈ ಕಥೆ ಭಾರತವನ್ನು ಹಾದುಹೋದ ಬಗೆ ಕುತೂಹಲಕರ. ಡಿಂಕಿಯ ಹಲವು ಹಳೆಯ ಅಚ್ಚುಗಳು ೧೯೬೦ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತೆಗೆ ಬಂದವು. ಆಮದು ನಿರ್ಬಂಧಗಳಿದ್ದ ಆ ಕಾಲದಲ್ಲಿ ವಿದೇಶಿ ಆಟಿಕೆ ಇಲ್ಲಿನ ಸಾಮಾನ್ಯ ಮನೆಗಳಿಗೆ ಎಟುಕುವಂತಿರಲಿಲ್ಲ. ಅದೇ ಅಚ್ಚುಗಳಿಂದ ಇಲ್ಲಿ ಎರಕಹೊಯ್ದ ವಾಹನಗಳು ‘ನಿಕಿ ಟಾಯ್ಸ್’ ಎಂಬ ಹೆಸರಿನಲ್ಲಿ ಮಾರಾಟವಾದವು. ಅಚ್ಚಿನಲ್ಲಿ ಕೊರೆದಿದ್ದ ‘ಡಿಂಕಿ’ ಎಂಬ ಅಕ್ಷರಗಳನ್ನು ಅಳಿಸಿ, ತಿದ್ದಿ ‘ನಿಕಿ’ ಮಾಡಲಾಗಿತ್ತು. ಕೆಲವು ವಾಹನಗಳ ತಳದಲ್ಲಿ ಹಾಗೆ ಉಜ್ಜಿದ ಗುರುತು ಕಾಣುತ್ತದೆ. ಇಂಗ್ಲೆಂಡಿನಲ್ಲಿ ಅಟ್ಲಾಸ್ ಎನಿಸಿಕೊಂಡಿದ್ದ ಪುಟ್ಟ ಬಸ್ಸು ಇಲ್ಲಿ ಮದರಾಸಿನಲ್ಲಿ ತಯಾರಾಗುತ್ತಿದ್ದ ನಿಜವಾದ ವಾಹನದ ಹೆಸರನ್ನೇ ಪಡೆದು ‘ಸ್ಟ್ಯಾಂಡರ್ಡ್ ೨೦’ ಮಿನಿಬಸ್ಸಾಯಿತು. ಎರಕ ಒರಟು, ಬಣ್ಣ ದಪ್ಪ. ಬಹುಕಾಲ ಪಾಶ್ಚಾತ್ಯ ಸಂಗ್ರಾಹಕರು ಇವನ್ನು ಕೀಳು ನಕಲುಗಳೆಂದೇ ಭಾವಿಸಿದ್ದರು. ಮುಂದೆ ಅವರೇ ಇವನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿ ಹುಡುಕತೊಡಗಿದರು. ಪಾಠಾಂತರವೆಂಬುದು ಜಾನಪದದಲ್ಲಿ ದೋಷವಲ್ಲ. ಒಂದು ಕಥೆ ಊರಿಂದೂರಿಗೆ ಹೋಗುವಾಗ ಪಾತ್ರಗಳ ಹೆಸರು ಬದಲಾಗಿ ಹೊಸ ಊರಿನದಾಗುವಂತೆಯೇ ಈ ಅಚ್ಚುಗಳೂ ಹೆಸರು ಬದಲಿಸಿಕೊಂಡವು. ಒಂದು ವ್ಯತ್ಯಾಸವಿದೆ. ಇಲ್ಲಿ ಹಳೆಯ ಹೆಸರನ್ನು ಉಜ್ಜಿ ತೆಗೆದ ಗುರುತು ಲೋಹದಲ್ಲಿ ಉಳಿದಿದೆ, ಕಥೆಗಳಲ್ಲಿ ಅದು ಉಳಿಯುವುದಿಲ್ಲ.

ಗಾಳದ ಸಲಕರಣೆಗಳ ಚರಿತ್ರೆ ಆಟಿಕೆಗಳದ್ದಕ್ಕಿಂತ ಹಳೆಯದು. ಹೊಟ್ಟೆಪಾಡಿಗಲ್ಲದೆ ವಿನೋದಕ್ಕಾಗಿ ಗಾಳ ಹಾಕುವುದು ಇಂಗ್ಲೆಂಡಿನಲ್ಲಿ ಒಂದು ಶಿಷ್ಟ ಅಭಿರುಚಿಯಾಗಿ ನೆಲೆಗೊಂಡದ್ದಕ್ಕೆ ೧೬೫೩ರಲ್ಲಿ ಪ್ರಕಟವಾದ ಐಸಾಕ್ ವಾಲ್ಟನ್ ಅವರ ಕೃತಿ ಪ್ರಸಿದ್ಧ ನಿದರ್ಶನ. ಸೂಜಿ ತಯಾರಿಕೆಗೆ ಹೆಸರಾದ ರೆಡಿಚ್ ಪಟ್ಟಣವೇ ಕೊಕ್ಕೆಗಳಿಗೂ ಹೆಸರಾಯಿತು; ಸೂಜಿಯನ್ನು ಬಗ್ಗಿಸಿದರೆ ಗಾಳವಲ್ಲವೆ! ಲೇಸು ನೇಯ್ಗೆಯ ನಾಟಿಂಗ್‌ಹ್ಯಾಮಿನಲ್ಲಿ ಮರದ ರೀಲುಗಳು, ಅಮೆರಿಕದ ಕೆಂಟಕಿಯಲ್ಲಿ ಗಡಿಯಾರ ಕೆಲಸಗಾರ ಜಾರ್ಜ್ ಸ್ನೈಡರ್ ಅವರ ಹಲ್ಲುಚಕ್ರದ ರೀಲುಗಳು, ಸ್ಕಾಟ್ಲೆಂಡಿನ ಗಡಿಗೆ ಸಮೀಪದ ಆನಿಕ್‌ನಲ್ಲಿ ಬಂದೂಕು ತಯಾರಕರಾಗಿ ಆರಂಭಿಸಿದ ಹಾರ್ಡಿ ಸಹೋದರರ ಲೋಹದ ರೀಲುಗಳು ಹೀಗೆ ಊರಿನ ಹಳೆಯ ಕಸುಬು ಹೊಸ ವಸ್ತುವಿಗೆ ಕೈಗೊಟ್ಟ ನಿದರ್ಶನಗಳು ಹಲವು. ಹಾರ್ಡಿಯವರ ‘ಪರ್ಫೆಕ್ಟ್’ ರೀಲು ೧೮೯೦ರ ದಶಕದಲ್ಲಿ ಬಂದು ಸಂಗ್ರಾಹಕರ ಅಳತೆಗೋಲೇ ಆಯಿತು. ಬಿದಿರನ್ನು ತ್ರಿಕೋನಾಕಾರದ ಆರು ಸೀಳುಗಳಾಗಿ ಕತ್ತರಿಸಿ ಅಂಟಿಸಿದ ಗಾಳದ ಕೋಲುಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಯಾಗುತ್ತಿದ್ದ ಬಿದಿರು ಕಲ್ಕತ್ತೆಯ ಬಂದರಿನಿಂದ ಹೋಗುತ್ತಿತ್ತು. ಅದಕ್ಕೆ ‘ಕಲ್ಕತ್ತಾ ಬಿದಿರು’ ಎಂದೇ ಹೆಸರು. ಮುಂದೆ ಚೀನದ ಟಾಂಕಿನ್ ಬಿದಿರು ಅದರ ಜಾಗವನ್ನು ಹಿಡಿಯಿತು. ಕೋಲಿನ ಮೇಲೆ ತಯಾರಕರ ಹೆಸರು ಬರೆದಿದೆ. ಆ ಬಿದಿರನ್ನು ಕಡಿದು ಸಾಗಿಸಿದವರ ಹೆಸರು ಬರೆದಿಲ್ಲ.

ಅಮೆರಿಕದಲ್ಲಿ ಸಂಗ್ರಾಹಕರ ಒಲವು ರೀಲಿಗಿಂತ ಕೃತಕ ಎರೆಗಳತ್ತ, ಅಂದರೆ ಮರ ಅಥವಾ ಲೋಹದಿಂದ ಮಾಡಿ ಕೊಕ್ಕೆ ಸಿಕ್ಕಿಸಿದ ಹುಸಿಮೀನುಗಳತ್ತ ಹೆಚ್ಚು. ಮಿಶಿಗನ್ನಿನ ಜೇಮ್ಸ್ ಹೆಡನ್ ಎಂಬ ಜೇನುಕೃಷಿಕರು ಗಿರಣಿಯ ಕೆರೆಯ ದಂಡೆಯಲ್ಲಿ ಕುಳಿತು ಸುಮ್ಮನೆ ಕೆತ್ತುತ್ತಿದ್ದ ಮರದ ತುಂಡನ್ನು ನೀರಿಗೆಸೆದಾಗ ಮೀನೊಂದು ಅದಕ್ಕೆ ಹಾರಿತೆಂದೂ, ಅಲ್ಲಿಂದ ಅವರ ಉದ್ಯಮ ಹುಟ್ಟಿತೆಂದೂ ಕಥೆಯಿದೆ. ಇದೂ ಉಗಮ ಐತಿಹ್ಯವೇ. ೧೮೫೯ರಲ್ಲಿ ಒಹಾಯೊದ ರೈಲಿ ಹ್ಯಾಸ್ಕೆಲ್ ಹಕ್ಕುಸ್ವಾಮ್ಯ ಪಡೆದ ತಾಮ್ರದ ಹುಸಿಮೀನಿನ ದೊಡ್ಡ ಗಾತ್ರದ ಒಂದು ಪ್ರತಿ ೨೦೦೩ರ ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ನ್ಯಾಶನಲ್ ಫಿಶಿಂಗ್ ಲೂರ್ ಕಲೆಕ್ಟರ್ಸ್ ಕ್ಲಬ್ ಸ್ಥಾಪನೆಯಾದದ್ದು ೧೯೭೬ರಲ್ಲಿ. ಮೀನಿನ ಹಲ್ಲಿನ ಗುರುತಿಲ್ಲದ ಹುಸಿಮೀನಿಗೆ ಇಲ್ಲಿಯೂ ಹೆಚ್ಚಿನ ಬೆಲೆ; ಎಂದೂ ನೀರು ಕಾಣದ ಗಾಳ ಉತ್ತಮೋತ್ತಮ.

ಈ ವಿಲಾಯಿತಿ ಗಾಳದ ಚರಿತ್ರೆಯಲ್ಲಿ ಕನ್ನಡ ನಾಡಿಗೆ ನಿಜವಾದ ಪಾತ್ರವೊಂದಿದೆ. ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರ ‘ದ ರಾಡ್ ಇನ್ ಇಂಡಿಯಾ’ ೧೮೭೩ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಅಚ್ಚಾದದ್ದೂ ಅಲ್ಲಿಯೇ. ಭಾರತದ ನದಿಗಳಲ್ಲಿ ಗಾಳ ಹಾಕುವ ಯುರೋಪಿಯನ್ನರಿಗೆ ಥಾಮಸ್ ಅವರ ಪುಸ್ತಕ ಕೈಪಿಡಿಯಾಯಿತು. ಮುಂದೆ ಪರಿಷ್ಕೃತ ಆವೃತ್ತಿಗಳೂ ಬಂದವು. ಅದರ ನಾಯಕ ಮಹಸೀರ್, ಅಂದರೆ ಕಾವೇರಿ ತೀರದವರ ಬಿಳಿಮೀನು. ಗಂಟಲಿನಲ್ಲಿ ಹಲ್ಲುಗಳಿರುವ ಈ ಮೀನು ಸಾಮಾನ್ಯ ಕೊಕ್ಕೆಯನ್ನು ಜಜ್ಜಿ ಚಪ್ಪಟೆ ಮಾಡಬಲ್ಲದು. ಇಂಗ್ಲೆಂಡಿನ ಟ್ರೌಟ್ ಮೀನಿಗೆ ತಕ್ಕ ಸಲಕರಣೆ ಇಲ್ಲಿ ಸಾಲದೆ, ಭಾರತಕ್ಕೆಂದೇ ಗಟ್ಟಿಯಾದ ಕೊಕ್ಕೆ, ದಾರ, ರೀಲುಗಳ ಬೇಡಿಕೆ ಹುಟ್ಟಿತು. ಕಾವೇರಿಯಲ್ಲಿ ೧೯೧೯ರಲ್ಲಿ ರಿವೆಟ್-ಕಾರ್ನಾಕ್ ಹಿಡಿದ ೧೧೯ ಪೌಂಡ್ ತೂಕದ ಮೀನು, ಕಬಿನಿಯಲ್ಲಿ ೧೯೪೬ರಲ್ಲಿ ಮೈಸೂರಿನ ಚರ್ಮಪ್ರಸಾಧನ ಕುಟುಂಬದ ಡಿ ವೆಟ್ ವಾನ್ ಇಂಗೆನ್ ಹಿಡಿದ ೧೨೦ ಪೌಂಡ್ ತೂಕದ ಮೀನು ಗಾಳಗಾರರ ದಾಖಲೆಗಳಲ್ಲಿ ಸೇರಿವೆ. ವಿಲಾಯಿತಿ ಕೋಲು, ವಿಲಾಯಿತಿ ರೀಲು. ಆದರೆ ಕೊಕ್ಕೆಯ ತುದಿಗೆ ಕಾವೇರಿಯಲ್ಲಿ ಮೆತ್ತುತ್ತಿದ್ದುದು ರಾಗಿಹಿಟ್ಟಿನ ಉಂಡೆ. ನದಿಯಲ್ಲಿ ಯಾವ ಮಡುವಿನಲ್ಲಿ ಯಾವ ಹೊತ್ತಿಗೆ ಮೀನು ಬರುತ್ತದೆಂದು ತೋರಿಸಿ ಹರಿಗೋಲು ನಡೆಸಿದವರು ಊರಿನ ಅಂಬಿಗರು. ರೀಲುಗಳು ಹರಾಜಿನಲ್ಲಿ ಉಳಿದವು. ರಾಗಿಯ ಉಂಡೆಯನ್ನು ಎಷ್ಟು ಬೇಯಿಸಬೇಕು, ಎಷ್ಟು ಗಟ್ಟಿ ಮಾಡಬೇಕು ಎಂಬ ತಿಳಿವಳಿಕೆಗೆ ಹರಾಜಿಲ್ಲ. ಕಾವೇರಿಯ ಆ ಡುಬ್ಬದ ಮಹಸೀರಿಗೆ ವಿಜ್ಞಾನಿಗಳು ೨೦೧೮ರಲ್ಲಿ ‘ಟಾರ್ ರೆಮಾದೇವಿ’ ಎಂಬ ಪ್ರಭೇದವೆಂದು ಗುರುತು ನೀಡಿದರು. ಆ ವೇಳೆಗೆ ಅದು ತೀವ್ರ ಅಳಿವಿನಂಚಿಗೆ ಬಂದಿತ್ತು.

ಥಾಮಸ್ ಅವರದು ಇನ್ನೊಂದು ಬರಹವುಂಟು. ದಕ್ಷಿಣ ಕನ್ನಡದ ಮೀನು ಸಂವರ್ಧನೆಯನ್ನು ಕುರಿತ ಅವರ ವರದಿ ೧೮೭೦ರಲ್ಲಿ ಪ್ರಕಟವಾಯಿತು. ಹೊಳೆಗೆ ವಿಷ ಬೆರೆಸುವುದು, ಸಣ್ಣ ಕಣ್ಣಿನ ಬಲೆ, ಮರಿಮೀನುಗಳನ್ನೂ ಬಿಡದ ಒಡ್ಡು ಮತ್ತು ಬೋನುಗಳು ಮೀನಿನ ಸಂತತಿಯನ್ನು ನಾಶಮಾಡುತ್ತಿವೆಯೆಂಬುದು ಅವರ ವಾದ. ಇಂತಹ ವಾದಗಳ ಒತ್ತಡದಿಂದ ೧೮೯೭ರಲ್ಲಿ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ಅದು ಸ್ಫೋಟಕ ಹಾಗೂ ವಿಷಗಳನ್ನು ನಿಷೇಧಿಸಿದ್ದಲ್ಲದೆ, ನೆಲೆಯಾಗಿ ಒಡ್ಡುವ ಬೋನು, ಕಟ್ಟೆ ಮತ್ತು ಬಲೆಗಳ ಬಗೆಯನ್ನು ನಿಯಂತ್ರಿಸುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ವಿಷಪ್ರಯೋಗದ ವಿಷಯದಲ್ಲಿ ಥಾಮಸ್ ಅವರನ್ನು ತಪ್ಪೆನ್ನಲಾಗದು. ಆದರೆ ವಿನೋದದ ಗಾಳವನ್ನು ಕ್ರೀಡೆಯೆಂದೂ ಹೊಟ್ಟೆಪಾಡಿನ ಬೋನನ್ನು ಅಪರಾಧವೆಂದೂ ಬೇರ್ಪಡಿಸಿದ ಆ ದೃಷ್ಟಿ ಸಂಗ್ರಹದ ಚರಿತ್ರೆಯ ಮೇಲೂ ನೆರಳು ಚೆಲ್ಲಿತು. ಕ್ರೀಡೆಯ ಸಾಧನ ಗಾಜಿನ ಕಪಾಟಿಗೆ ಅರ್ಹವಾಯಿತು. ಬೋನು ವರದಿಗಳ ಪುಟಗಳಲ್ಲಿ ಆರೋಪಿಯಾಗಿ ಮಾತ್ರ ಉಳಿಯಿತು.

ಹಾಗೆ ಹೊರಗುಳಿದ ವಸ್ತುಗಳ ಕಡೆಗೆ ತಿರುಗಿದರೆ ಕರ್ನಾಟಕದ ಚಿತ್ರ ಬೇರೆಯೇ. ಬಯಲುಸೀಮೆಯ ಮಕ್ಕಳು ಜೋಳದ ದಂಟನ್ನು ಸೀಳಿ ಕಟ್ಟುವ ಎತ್ತಿನ ಬಂಡಿ, ಹಳೆಯ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಚಕ್ರ ಮಾಡಿಕೊಂಡ ಗಾಡಿ, ಕರಾವಳಿಯ ಬೀಸುಬಲೆ, ಮಲೆನಾಡಿನ ಕೂಣಿ ಇವು ಯಾವ ಬೆಲೆಪಟ್ಟಿಯಲ್ಲಿಯೂ ಇಲ್ಲ. ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ರೈಲುಬಂಡಿಯಾದರೋ ಅಂಗಡಿಯ ಸರಕು. ಆದರೂ ಅದರ ತಳವನ್ನು ತಿರುಗಿಸಿ ನೋಡಿದರೆ ಅದನ್ನು ಕಡೆದವರ ಹೆಸರು ಸಾಮಾನ್ಯವಾಗಿ ಕಾಣದು. ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದ್ದು, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದು ಈ ಕೊರತೆಗೆ ನೀಡಿದ ದೊಡ್ಡ ಉತ್ತರಗಳು. ಹರಾಜಿನ ಬೆಲೆಯಿಲ್ಲದ ವಸ್ತುವೂ ಕಾಪಾಡಲು ಯೋಗ್ಯವೆಂಬ ನಿಲುವು ಇಲ್ಲದಿದ್ದರೆ ಅವು ನಿಲ್ಲುತ್ತಿರಲಿಲ್ಲ. ಆದರೆ ನಮ್ಮ ಜಾನಪದ ಸಂಗ್ರಹಗಳಲ್ಲಿ ಫಲಕಗಳು ಬಹುಮಟ್ಟಿಗೆ ವಸ್ತುವಿನ ಜಾತಿಯನ್ನು ಹೇಳುತ್ತವೆ, ವಸ್ತುವನ್ನು ಹೇಳುವುದಿಲ್ಲ. ‘ಮೀನು ಹಿಡಿಯುವ ಬುಟ್ಟಿ’ ಎಂದರೆ ಯಾವ ಹಳ್ಳದ್ದು, ಯಾರು ಹೆಣೆದದ್ದು, ಯಾವ ಮಳೆಗೆ ಒಡ್ಡಿದ್ದು? ಒಂದು ಅಂಗುಲದ ಆಟಿಕೆ ಚಕ್ರದ ಏಳು ಬಗೆಗಳನ್ನು ವರ್ಷ ಸಹಿತ ಪಟ್ಟಿಮಾಡಿದ ಪಾಶ್ಚಾತ್ಯ ಹವ್ಯಾಸಿಗಳ ಹಟ ಇಲ್ಲಿ ಅನುಕರಣೀಯ. ಆಡದ ಆಟಿಕೆಯನ್ನು ಮೇಲಿಡುವ ಅವರ ಮೌಲ್ಯ ಅನುಕರಣೀಯವಲ್ಲ. ಹೆಗಲಿಗೆ ಉಜ್ಜಿ ನುಣುಪಾದ ಬಲೆಗೋಲಿನ ನುಣುಪೇ ಅದರ ದಾಖಲೆ.

ಕೂಣಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮುಂಗಾರಿನ ಮೊದಲ ಮಳೆಗಳಲ್ಲಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನಿಗೆ ನೀರಿನ ಕಂಡಿಯಲ್ಲಿ ಕೂಣಿ ಒಡ್ಡುತ್ತಾರೆ. ಬಿದಿರಿನ ಸೀಳುಗಳನ್ನು ಬಳ್ಳಿಯಿಂದ ಹೆಣೆದ ಈ ಬೋನು ಕೆಲವು ಮಳೆಗಾಲಗಳಲ್ಲಿ ಕೊಳೆತುಹೋಗುತ್ತದೆ. ಆಮೇಲೆ ಒಲೆ ಸೇರುತ್ತದೆ, ಹೊಸದನ್ನು ಹೆಣೆಯುತ್ತಾರೆ. ನೂರು ವರ್ಷದ ರೀಲು ಇರಬಹುದು, ನೂರು ವರ್ಷದ ಕೂಣಿ ಇರಲಾರದು. ಹಳೆಯದಾಗಿರುವುದು ವಸ್ತುವಲ್ಲ, ಹೆಣಿಗೆ. ಅದನ್ನು ಸಂಗ್ರಹಿಸುವುದೆಂದರೆ ಯಾವ ಬಿದಿರು, ಯಾವ ಬಳ್ಳಿ, ಬಾಯಿಯ ಸುತ್ತಳತೆಯೆಷ್ಟು, ಒಳಗೆ ಹೋದ ಮೀನು ಹೊರಬಾರದಂತೆ ಕಡ್ಡಿಗಳನ್ನು ಯಾವ ಕೋನದಲ್ಲಿ ಒಳಬಾಗಿಸಬೇಕು, ಎರಡು ಸೀಳುಗಳ ನಡುವೆ ಎಷ್ಟು ಸಂದು ಬಿಡಬೇಕು ಎಂಬುದನ್ನು ಹೆಣೆಯುವವರ ಹೆಸರಿನೊಡನೆ ಬರೆದಿಟ್ಟುಕೊಳ್ಳುವುದು. ಆ ಸಂದಿನ ಗಾತ್ರದಿಂದಲೇ ಯಾವ ಮರಿಮೀನು ತಪ್ಪಿಸಿಕೊಳ್ಳುತ್ತದೆ, ಯಾವುದು ಸಿಕ್ಕಿಬೀಳುತ್ತದೆ ಎಂಬುದು ತೀರ್ಮಾನವಾಗುತ್ತದೆ. ಥಾಮಸ್ ಅವರ ೧೮೭೦ರ ಆರೋಪವನ್ನು ಒಪ್ಪುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಬೇಕಾದದ್ದು ಆ ಒಂದು ಅಳತೆ. ಅದನ್ನು ಕೊಡಬಲ್ಲವರು ಮಲೆನಾಡಿನಲ್ಲಿ ಇಂದಿಗೂ ಕೂಣಿ ಹೆಣೆಯಬಲ್ಲ ಹಿರಿಯರು.